‘ಏನಿಲ್ಲ ಬಿಡಿ’ ಅನ್ನುವುದನ್ನು ನಾನು ಬಿಟ್ಟೆ

ತುಪ್ಪ ಕೊಡಿ ಅಂದರೆ ನಮ್ಮ ಯಜಮಾನರು ಉಪ್ಪು ಅಂತ ಕೇಳಿಸಿಕೊಂಡು ಅದನ್ನೇ ತಂದಿಟ್ಟರು. ಮೊದಲ ಸಲ ಇಬ್ಬರೂ ನಕ್ಕೆವು. ಆಮೇಲೆ ನಗು ಬರಲಿಲ್ಲ. ಒಂದೇ ಮಾತನ್ನು ಮೂರು ಸಲ ಹೇಳಿ, ಮೂರನೇ ಸಲ ನನ್ನ ದನಿ ಏರಿ, ‘ಯಾಕೆ ಕಿರುಚ್ತೀಯ?’ ಅಂತ ಅವರು ಮುಖ ತಿರುಗಿಸಿ, ನಾನು ‘ಏನಿಲ್ಲ ಬಿಡಿ’ ಅಂದು ಒಳಗೆ ಹೋಗುವುದು, ಎರಡು ವರ್ಷ ಇದೇ ಆಯಿತು.

ದುಡ್ಡು, ಗ್ಯಾಸು, ಮಗಳ ಫೋನು, ಇಂಥದ್ದೆಲ್ಲ ಹೇಗೋ ತಲುಪುತ್ತಿತ್ತು. ನಿಂತುಹೋಗಿದ್ದು ಸುಮ್ನೆ ಆಡುವ ಮಾತು. ಎದುರು ಮನೆ ನಾಯಿ ಮತ್ತೆ ಚಪ್ಪಲಿ ಕಚ್ಚಿಕೊಂಡು ಹೋಯಿತು ಅನ್ನುವುದನ್ನು ಯಾರಾದರೂ ಮೂರು ಸಲ ಕೂಗಿ ಹೇಳುತ್ತಾರಾ? ಮದುವೆ ಊಟದಲ್ಲಿ ಬಡಿಸುವವರು ಅವರನ್ನು ಬಿಟ್ಟು ನನ್ನನ್ನು ಕೇಳುತ್ತಿದ್ದರು, ‘ಯಜಮಾನ್ರಿಗೆ ಅನ್ನ ಹಾಕ್ಲಾ?’ ಅಂತ. ಕೊನೆಗೆ ಅವರು ಮದುವೆಗಳಿಗೆ ಬರುವುದನ್ನೇ ಬಿಟ್ಟರು. ಮಂಡಿ ನೋವು ಅಂತ ನೆಪ. ನಾನೂ ಎಲ್ಲರಿಗೂ ಅದನ್ನೇ ಹೇಳಿದೆ.

ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಅವರ ಕಿವಿ ಪರೀಕ್ಷೆ ಮಾಡಿಸಿದಾಗ ವಿಷಯ ತಿಳಿಯಿತು. ವಯಸ್ಸಾದಂತೆ ಮೊದಲು ಹೋಗುವುದು ಏರು ಸ್ಥಾಯಿಯ ಸದ್ದು. ಅ, ಉ ತರದ ಸ್ವರ ಕೇಳುತ್ತದೆ, ಸ, ತ, ಕ ತರದ ಅಕ್ಷರ ಜಾರಿಹೋಗುತ್ತವೆ. ತುಪ್ಪದ ತ ಹೋದರೆ ಉಳಿಯುವುದು ಉಪ್ಪೇ ಅಲ್ವಾ! ಬೇಕಂತಲೇ ಕೇಳಿಸಿಕೊಳ್ಳಲ್ಲ ಅಂತ ನಾನು ಎಷ್ಟು ಬೈದಿದ್ದೆನೋ.

ಹಿಯರಿಂಗ್ ಏಡ್ ಬಂದ ವಾರವೇ ಕುಕ್ಕರ್ ಸೀಟಿಗೆ ಬೆಚ್ಚಿಬಿದ್ದು ಅದನ್ನು ಡ್ರಾಯರಿಗೆ ಹಾಕಿದರು. ಮೆದುಳಿಗೆ ರೂಢಿಯಾಗಲು ವಾರಗಟ್ಟಲೆ ಬೇಕು. ಹಾಗಾಗಿ ದಿನಕ್ಕೆ ಒಂದು ಗಂಟೆ ಮಾತ್ರ, ಟಿವಿ ಆರಿಸಿ, ನಾನು ಪೇಪರ್ ಓದುವುದು, ಅವರು ಕೇಳುವುದು ಅಂತ ಶುರು ಮಾಡಿದೆವು. ಅಡುಗೆಮನೆಯಿಂದ ಕೂಗುವುದನ್ನು ನಾನು ಬಿಟ್ಟೆ. ಮಿಕ್ಸಿ ನಿಲ್ಲಿಸಿ, ಹತ್ತಿರ ಹೋಗಿ, ‘ರೀ’ ಅಂದು, ಅವರು ನೋಡಿದ ಮೇಲೆ ಮಾತು. ತಿಳಿಯದಿದ್ದರೆ ಅದನ್ನೇ ಜೋರಾಗಿ ಹೇಳುವುದಿಲ್ಲ, ‘ದೋಸೆಗೆ ಹಾಕೋ ತುಪ್ಪ’ ಅಂತ ಬದಲಿಸುತ್ತೇನೆ. ಅವರು ಸುಮ್ನೆ ‘ಹ್ಞೂಂ’ ಅಂತ ತಲೆಯಾಡಿಸುವ ಹಾಗಿಲ್ಲ. ‘ಆಂ?’ ಬದಲು ‘ಎಷ್ಟು ಗಂಟೆಗೆ ಅಂದೆ?’ ಅಂತ ಕೇಳಬೇಕು. ಇದಕ್ಕೇ ಜಾಸ್ತಿ ಜಗಳ ಆಗಿದ್ದು, ಈಗಲೂ ಮರೆಯುತ್ತಾರೆ.

ಒಂದು ಮಾತ್ರ ವಾಪಸ್ ಬರಲಿಲ್ಲ. ದೀಪ ಆರಿಸಿ ಮಲಗಿಕೊಂಡು ಮಾತಾಡುವುದು ನಮ್ಮ 35 ವರ್ಷದ ಅಭ್ಯಾಸ. ಏಡ್ ತೆಗೆದಿಟ್ಟು ಕತ್ತಲಾದರೆ ಅವರಿಗೆ ಕಿವಿಯೂ ಇಲ್ಲ, ನನ್ನ ತುಟಿಯೂ ಕಾಣುವುದಿಲ್ಲ. ಅದಕ್ಕೆ ಈಗ ಮಲಗುವ ಮುಂಚೆ ಅರ್ಧ ಗಂಟೆ, ಲೈಟ್ ಹಾಕಿಕೊಂಡೇ, ಮಂಚದ ಮೇಲೆ ಎದುರುಬದುರು ಕೂರುತ್ತೇವೆ. ನಾಯಿ, ಚಪ್ಪಲಿ, ಎಲ್ಲ ಅಲ್ಲೇ.