ಪ್ರದರ್ಶನಾಲಯದ ಒಳಾಂಗಣ, ಹೊರಾಂಗಣ: ಚಿತ್ರ ತೆಗೆಯುವ ಕ್ರಮ

ವಸ್ತುಸಂಗ್ರಹಾಲಯದ ಬೆಳಕನ್ನು ಯಾರೋ ಒಬ್ಬರು ಆಗಲೇ ಯೋಚಿಸಿ ಹೊಂದಿಸಿರುತ್ತಾರೆ. ಛಾಯಾಗ್ರಾಹಕರ ಕೆಲಸ ಅದಕ್ಕೆ ಇನ್ನಷ್ಟು ಬೆಳಕು ಸುರಿಯುವುದಲ್ಲ, ಇದ್ದುದನ್ನು ಕೆಡಿಸದೆ ಹಿಡಿಯುವುದು. ಬಳ್ಳಾರಿಯ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ಪುರಾತತ್ವ ವಸ್ತುಸಂಗ್ರಹಾಲಯದಂತಹ ಸ್ಥಳಕ್ಕೆ ಹೋಗುವವರು ಕ್ಯಾಮೆರಾಕ್ಕೂ ಟ್ರೈಪಾಡ್‌ಗೂ ಅನುಮತಿ ಇದೆಯೇ ಎಂದು ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಹೊರಗಿನ ಚಿತ್ರದಿಂದ ಆರಂಭಿಸಬಹುದು. ನಮ್ಮ ಸೀಮೆಯ ಬಿಸಿಲು ಏರಿದ ಮೇಲೆ ಗೋಡೆ ಬೆಳ್ಳಗೆ ಬಣ್ಣಗೆಡುತ್ತದೆ, ಸಜ್ಜಾದ ಕೆಳಗೆ ಏನೂ ಕಾಣದಷ್ಟು ಕಪ್ಪು ನೆರಳು ಬೀಳುತ್ತದೆ. ಆದ್ದರಿಂದ ಕಟ್ಟಡದ ಮುಖ ಪೂರ್ವಕ್ಕಿದ್ದರೆ ಬೆಳಿಗ್ಗೆ, ಪಶ್ಚಿಮಕ್ಕಿದ್ದರೆ ಇಳಿಹೊತ್ತಿನಲ್ಲಿ ಹೋಗಬೇಕು. ಹತ್ತಿರ ನಿಂತು ಕ್ಯಾಮೆರಾವನ್ನು ಮೇಲಕ್ಕೆತ್ತಿದರೆ ಗೋಡೆಗಳು ಹಿಂದಕ್ಕೆ ವಾಲಿದಂತೆ ಕಾಣುತ್ತವೆ. ದೂರ ಸರಿದು, ಪರದೆಯ ಮೇಲೆ ಗ್ರಿಡ್ ಗೆರೆಗಳನ್ನು ಹಾಕಿಕೊಂಡು, ಕ್ಯಾಮೆರಾವನ್ನು ಮಟ್ಟಸವಾಗಿ ಹಿಡಿದು ತೆಗೆದು, ಕೆಳಗೆ ಹೆಚ್ಚಾಗಿ ಬಂದ ನೆಲವನ್ನು ಆಮೇಲೆ ಕತ್ತರಿಸಿದರಾಯಿತು.

ಒಳಗೆ ಹೋದ ಕೂಡಲೇ ಫ್ಲ್ಯಾಶ್ ಆಫ್ ಮಾಡಬೇಕು. ಟ್ರೈಪಾಡ್ ಇದ್ದರೆ, ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆಯ ಅಳತೆಯಾದ ಐಎಸ್‌ಒ 100 ಅಥವಾ 200, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ) ಎಫ್ 8 ಇಟ್ಟು, ಗುಂಡಿ ಒತ್ತಿದಾಗಿನ ಅದುರುವಿಕೆ ತಪ್ಪಿಸಲು 2 ಸೆಕೆಂಡಿನ ಟೈಮರ್ ಬಳಸಬೇಕು. ಕೈಯಲ್ಲೇ ಹಿಡಿಯುವುದಾದರೆ ಐಎಸ್‌ಒ 1600ರಿಂದ 3200ರವರೆಗೆ ಏರಿಸಲು ಹಿಂಜರಿಯಬೇಕಿಲ್ಲ, ಏಕೆಂದರೆ ಚಿತ್ರದಲ್ಲಿ ಸ್ವಲ್ಪ ಕಣಕಣ ಬಂದರೆ ಸಹಿಸಬಹುದು, ಅಲುಗಿದ ಚಿತ್ರವನ್ನು ಸರಿಪಡಿಸಲಾಗದು. ಕ್ಯಾಮೆರಾ ಎದೆಯ ಮಟ್ಟದಲ್ಲಿದ್ದರೆ ನೆಲ, ಛಾವಣಿ ಎರಡೂ ಹದವಾಗಿ ಬರುತ್ತವೆ.

ಬಹಳ ಜನರನ್ನು ಕಾಡುವುದು ಚಿತ್ರದಲ್ಲಿ ಅಡ್ಡಡ್ಡ ಬರುವ ಕಪ್ಪು ಪಟ್ಟಿಗಳು. ನಮ್ಮ ವಿದ್ಯುತ್ 50 ಹರ್ಟ್ಸ್‌ನದಾದ್ದರಿಂದ ಟ್ಯೂಬ್‌ಲೈಟ್ ಮತ್ತು ಸಾಧಾರಣ ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಪ್ರಖರವಾಗಿ ಮತ್ತೆ ಮಂಕಾಗುತ್ತವೆ. ಕಣ್ಣಿಗೆ ಇದು ತಿಳಿಯದಿದ್ದರೂ ವೇಗದ ಶಟರ್‌ಗೆ ತಿಳಿಯುತ್ತದೆ. ಶಟರ್ ವೇಗವನ್ನು 1/50 ಅಥವಾ 1/100 ಸೆಕೆಂಡಿಗೆ ಇಟ್ಟರೆ ಪಟ್ಟಿಗಳು ಬಹುಮಟ್ಟಿಗೆ ಮಾಯವಾಗುತ್ತವೆ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಇಂತಹ ಕಡೆ ತೊಂದರೆಯನ್ನು ಹೆಚ್ಚಿಸುತ್ತದೆಯಾದ್ದರಿಂದ ಮೆಕ್ಯಾನಿಕಲ್ ಶಟರ್ ವಾಸಿ.

ಬಣ್ಣದ ವಿಚಾರದಲ್ಲಿ ಆಟೊ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವಂತೆ ಕ್ಯಾಮೆರಾ ತಾನೇ ಮಾಡುವ ಹೊಂದಾಣಿಕೆ) ಅನ್ನು ನಂಬುವಂತಿಲ್ಲ. ಕಿಟಕಿಯ ಬೆಳಕು ನೀಲಿಗೂ ದೀಪದ ಬೆಳಕು ಹಳದಿಗೂ ಎಳೆಯುತ್ತಿರುವಾಗ, ಮುಖ್ಯ ವಸ್ತುವಿನ ಮೇಲೆ ಬಿದ್ದ ಬೆಳಕನ್ನೇ ಆಧಾರವಾಗಿಟ್ಟುಕೊಂಡು ಅಲ್ಲೊಂದು ಬಿಳಿ ಹಾಳೆಯನ್ನು ಹಿಡಿದು ಸರಿಹೊಂದಿಸಬೇಕು. ರಾ (ಕ್ಯಾಮೆರಾ ಸಂಸ್ಕರಿಸದ ಮೂಲ) ಕಡತದಲ್ಲಿ ಉಳಿಸಿಕೊಂಡರೆ ಮುಂದೆ ತಿದ್ದುವುದೂ ಸುಲಭ. ಕೊಪ್ಪಳದ ಗವಿಮಠದ ಜಾತ್ರೆಯಂತಹ ಕಡೆ ಹಾಕುವ ತಾತ್ಕಾಲಿಕ ಮಳಿಗೆಗಳಲ್ಲಿ ಹಗಲು ಹೊತ್ತು ಶಾಮಿಯಾನದ ಬಣ್ಣವೇ ಎಲ್ಲದರ ಮೇಲೂ ಇಳಿದಿರುತ್ತದೆ, ಆಗ ಈ ಬಿಳಿ ಹಾಳೆಯಿಲ್ಲದೆ ಗತಿಯಿಲ್ಲ. ಕಿಟಕಿ ಮತ್ತು ಕೋಣೆ ಎರಡೂ ಕಾಣಬೇಕೆಂದಿದ್ದರೆ ಎರಡೆರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ ಅಥವಾ ಅರ್ಧ) ಅಂತರದಲ್ಲಿ ಮೂರು ಚಿತ್ರ ತೆಗೆದು ಜೋಡಿಸಬಹುದು.

ಗಾಜಿನ ಪೆಟ್ಟಿಗೆಯ ಮುಂದೆ ತಾಳ್ಮೆ ಬೇಕು. ಸಂಗನಕಲ್ಲಿನಂತಹ ನವಶಿಲಾಯುಗದ ನೆಲೆಯ ಕಲ್ಲುಕೊಡಲಿಯನ್ನೇ ನೋಡಿ: ಬಾಯಿಯ ಬಳಿ ಉಜ್ಜಿ ನಯಗೊಳಿಸಿದ ಮೈ, ಹಿಂಬದಿಯಲ್ಲಿ ಚಕ್ಕೆ ಎಬ್ಬಿಸಿದ ಗುರುತುಗಳು. ಎದುರಿನಿಂದ ಬಿದ್ದ ಬೆಳಕಿನಲ್ಲಿ ಇವೆರಡೂ ಒಂದೇ ಕಪ್ಪು ಗುಂಡಾಗಿ ಕಾಣುತ್ತವೆ, ಪಕ್ಕದಿಂದ ಓರೆಯಾಗಿ ಬಿದ್ದ ಬೆಳಕಿನಲ್ಲಿ ಮಾತ್ರ ಬೇರೆಯಾಗುತ್ತವೆ. ಪೆಟ್ಟಿಗೆಯ ದೀಪ ಯಾವ ಬದಿಯಿಂದ ಬೀಳುತ್ತದೆಂದು ನೋಡಿ ನಾವೇ ಜಾಗ ಬದಲಿಸಬೇಕು. ಪ್ರತಿಬಿಂಬ ತಪ್ಪಿಸಲು ಲೆನ್ಸಿನ ರಬ್ಬರ್ ಹುಡ್ ಗಾಜಿಗೆ ಮೆತ್ತಗೆ ತಾಗುವಂತೆ ಇಡಬಹುದು, ಇಲ್ಲವೇ ಹಿಂದಿನಿಂದ ಕಪ್ಪು ಬಟ್ಟೆ ಹಿಡಿಸಬಹುದು. ಬಿಳಿ ಅಂಗಿ ತೊಟ್ಟು ಹೋದವರಿಗೆ ತಮ್ಮದೇ ಅಂಗಿಯ ಚಿತ್ರ ಸಿಗುತ್ತದೆಂಬುದನ್ನು ಮರೆಯಬಾರದು. ಪ್ರತಿಬಿಂಬ ತಗ್ಗಿಸಲು ಲೆನ್ಸಿಗೆ ಹಾಕುವ ಪೋಲರೈಸಿಂಗ್ ಫಿಲ್ಟರ್ ಗಾಜಿಗೆ ನೇರವಾಗಿ ನಿಂತಾಗ ಉಪಯೋಗಕ್ಕೆ ಬಾರದು. ನೇರ ಎದುರಿನಿಂದ ಸುಮಾರು 55 ಡಿಗ್ರಿ ಪಕ್ಕಕ್ಕೆ ಸರಿದಾಗ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಒಂದೂವರೆಯಿಂದ ಎರಡು ಸ್ಟಾಪ್ ಬೆಳಕನ್ನು ನುಂಗುತ್ತದೆ.

ಪ್ರತಿ ವಸ್ತುವಿನ ಚಿತ್ರದ ಬೆನ್ನಿಗೇ ಅದರ ವಿವರ ಫಲಕದ್ದೂ ಒಂದು ಚಿತ್ರ ತೆಗೆದಿಡಬೇಕು. ಮನೆಗೆ ಬಂದು ಕಂಪ್ಯೂಟರ್ ತೆರೆದಾಗ ಕೊಡಲಿಗಳೆಲ್ಲ ಒಂದೇ ಥರ ಕಾಣುತ್ತವೆ.