ಕಥೆಯಲ್ಲಿ ಇಬ್ಬರ ಗೆಳೆತನ ಕಟ್ಟುವುದು ಹೇಗೆ?

‘ಅವರಿಬ್ಬರೂ ಜೀವದ ಗೆಳತಿಯರು’ ಎಂದು ಬರೆದುಬಿಟ್ಟರೆ ಗೆಳೆತನ ಆಗುವುದಿಲ್ಲ. ಓದುವವರು ನಂಬುವುದು ಸಲಿಗೆ ಕಂಡಾಗ. ಯಾರು ಯಾರಿಂದ ಕೇಳದೆ ಏನು ತಗೋಬಹುದು, ಯಾರು ಯಾರಿಗೆ ಎಷ್ಟು ಬೈಯಬಹುದು, ಅದು ಗೊತ್ತಾಗಬೇಕು. ಆ ಸಲಿಗೆ ಹೇಗೆ ಬಂತು ಅಂತ ತೋರಿಸುವುದೇ ಕಥೆ ಬರೆಯುವವರ ಕೆಲಸ.

ಉದಾಹರಣೆಗೆ ಇಬ್ಬರನ್ನು ಕಲ್ಪಿಸಿಕೊಳ್ಳೋಣ. ಹಾವೇರಿ ಜಿಲ್ಲೆಯ ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುವ ಕೆಲಸಕ್ಕೆ ಬರುವ ಗಂಗವ್ವ ಮತ್ತು ಶಬಾನಾ. ಒಬ್ಬಳಿಗೆ ಐವತ್ತು ದಾಟಿದೆ, ಇನ್ನೊಬ್ಬಳಿಗೆ ಇಪ್ಪತ್ತೈದು.

ಮೊದಲು, ಇಬ್ಬರನ್ನೂ ಒಂದೇ ಕಡೆ ಕೂರಿಸಿ

ಜಾತ್ರೆಯಲ್ಲಿ ಡಿಕ್ಕಿ ಹೊಡೆದು ಪರಿಚಯವಾಯಿತು ಅನ್ನುವುದು ಸಿನಿಮಾಕ್ಕೆ ಸರಿ. ಕಥೆಯಲ್ಲಿ ದಿನಾ ಎದುರುಬದುರು ಕೂರಲೇಬೇಕಾದ ಕಾರಣ ಬೇಕು. ಕೆಲಸಕ್ಕಿಂತ ಒಳ್ಳೆಯ ಕಾರಣ ಇಲ್ಲ.

ಆ ಕೆಲಸದ ವಿವರ ಸರಿಯಾಗಿ ತಿಳಿದುಕೊಳ್ಳಿ, ಆದರೆ ತಿಳಿದಿದ್ದನ್ನೆಲ್ಲ ಸುರಿಯಬೇಡಿ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಮಾನ್ಯತೆ (ಇಂಥ ಊರಿನ ಬೆಳೆ ಅನ್ನುವ ಸರ್ಕಾರಿ ಗುರುತು) ಸಿಕ್ಕಿದ್ದು ಈ ಕಥೆಗೆ ಬೇಡ. ಅದು ಬಣ್ಣಕ್ಕೆ ಹೆಸರುವಾಸಿ, ಖಾರ ಕಡಿಮೆ, ಆದರೂ ದಿನವಿಡೀ ತೊಟ್ಟು ಮುರಿದರೆ ಕೈ ಉರಿಯುತ್ತದೆ ಅನ್ನುವುದು ಬೇಕು. ಕೂಲಿ ತೂಕದ ಮೇಲೆ ಅನ್ನುವುದಂತೂ ಬೇಕೇ ಬೇಕು. ಯಾಕೆ ಅಂತ ಮುಂದೆ ನೋಡಿ.

ಒಂದು ಸಣ್ಣ ಋಣ ಹುಟ್ಟಿಸಿ

ಶಬಾನಾ ಮಗುವಿಗೆ ಜ್ವರ. ಕೆಲಸಕ್ಕೆ ಬರುವಾಗ ಹೊತ್ತಾಗಿದೆ. ಸಂಜೆ ತೂಕಕ್ಕೆ ಮೊದಲು ಗಂಗವ್ವ ತನ್ನ ರಾಶಿಯಿಂದ ನಾಲ್ಕು ಬೊಗಸೆ ಎತ್ತಿ ಶಬಾನಾ ರಾಶಿಗೆ ಸುರಿಯುತ್ತಾಳೆ. ಶಬಾನಾ ನೋಡುತ್ತಾಳೆ, ಏನೂ ಅನ್ನುವುದಿಲ್ಲ. ಮರುದಿನ ಗಂಗವ್ವ ಕೈ ಉಜ್ಜಿಕೊಳ್ಳುವಾಗ ಕೊಬ್ಬರಿ ಎಣ್ಣೆ ಬಾಟಲಿ ಅವಳತ್ತ ಸರಿಸುತ್ತಾಳೆ. ಇಷ್ಟೇ. ‘ನಿಮ್ಮ ಉಪಕಾರ ಎಂದೂ ಮರೆಯುವುದಿಲ್ಲ’ ಅನ್ನುವ ಮಾತು ಬಂತೋ, ಕೆಟ್ಟಿತು.

ಋಣ ಇಬ್ಬರ ಕಡೆಗೂ ಓಡಾಡಬೇಕು. ಯಾವಾಗಲೂ ದೊಡ್ಡವಳೇ ಕೊಡುತ್ತಿದ್ದರೆ ಅದು ಗೆಳೆತನ ಅಲ್ಲ, ದಾನ. ಜೊತೆಗೆ ಕಥೆ ಯಾವ ವರ್ಷದ್ದು ಅಂತಲೂ ನೋಡಿಕೊಳ್ಳಿ. 2023ರ ಜೂನ್‌ನಿಂದ ನಮ್ಮ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸು ಪುಕ್ಕಟೆ. ಈಗಿನ ಕಥೆಯಲ್ಲಿ ಗಂಗವ್ವ ಗೆಳತಿಗೆ ಆ ಬಸ್ಸಿನ ಟಿಕೆಟ್ ತೆಗೆಸಿ ಪ್ರೀತಿ ತೋರಿಸಿದರೆ ಓದುವವರು ನಗುತ್ತಾರೆ.

ಕರೆಯುವ ರೀತಿ ಬದಲಾಗಲಿ

ನಮ್ಮ ಕಡೆಯವರಿಗೆ ಇದು ಸಿಕ್ಕ ವರ. ಜನವರಿಯಲ್ಲಿ ಶಬಾನಾ ‘ಜರಾ ಸರೀರಿ ಅಕ್ಕಾರ’ ಅನ್ನಲಿ. ಉಗಾದಿ ಹೊತ್ತಿಗೆ ‘ಸರಿ ಬೇ ದೊಡ್ಡವ್ವಾ, ಎಷ್ಟ ಜಾಗಾ ಬೇಕ ನಿನಗ?’ ಅನ್ನಲಿ. ‘ದಿನಗಳು ಉರುಳಿದವು, ಆತ್ಮೀಯತೆ ಬೆಳೆಯಿತು’ ಎಂದು ನೀವು ಬರೆಯಬೇಕಾಗಿಲ್ಲ. ಆದರೆ ಯಾವ ದಿನ ‘ರೀ’ ಬಿಟ್ಟಳು ಅನ್ನುವುದು ನಿಮಗೆ ಗೊತ್ತಿರಲಿ.

ಜಗಳ ಹಚ್ಚಿ

ಹೊಸಬರು ಹಿಂಜರಿಯುವುದು ಇಲ್ಲೇ. ಜಗಳ ಆಡಿಸಿದರೆ ಗೆಳೆತನ ಕೆಡುತ್ತದೆ ಅಂತ ಹೆದರುತ್ತಾರೆ. ಇಲ್ಲವೇ ದೊಡ್ಡ ದ್ರೋಹ, ಸಾವು, ಆಸ್ತಿ ತರುತ್ತಾರೆ. ಅದೆಲ್ಲ ಬೇಡ. ಇಬ್ಬರೂ ಹೆಂಗಸರ ಒಂದೇ ಉಳಿತಾಯ ಸಂಘದಲ್ಲಿದ್ದಾರೆ ಅನ್ನಿ. ಒಂದು ವಾರ ಶಬಾನಾ ಬಳಿ ರೊಕ್ಕ ಇಲ್ಲ, ಅವಳ ಕಂತು ಗಂಗವ್ವ ಕಟ್ಟಿದ್ದಾಳೆ. ಸ್ವಲ್ಪ ದಿನ ಬಿಟ್ಟು ಶಬಾನಾ ಕೈಯಲ್ಲಿ ಹೊಸ ಬಳೆ. ಗಂಗವ್ವ ಎಲ್ಲರ ಮುಂದೆ ಅಂದೇಬಿಡುತ್ತಾಳೆ:

‘ಕಂತ ಕಟ್ಟಾಕ ರೊಕ್ಕ ಇಲ್ಲ, ಬಳಿ ಬ್ಯಾರೆ ಕೇಡು.’

‘ನಿಮ್ಮ ರೊಕ್ಕ ನಾಳೆ ಕೊಡ್ತೀನ್ರೀ.’

ಶಬಾನಾ ಕೂಗಾಡಲಿಲ್ಲ. ‘ರೀ’ ವಾಪಸ್ ಬಂತು, ಅಷ್ಟೇ. ಅವಳಿಗೆ ನೋವಾಗಿದ್ದು ರೊಕ್ಕದ ವಿಷಯಕ್ಕಲ್ಲ, ಮಂದಿ ಮುಂದೆ ಅಂದಿದ್ದಕ್ಕೆ. ಜಗಳದ ನೆಪ ಒಂದು, ಕಾರಣ ಇನ್ನೊಂದು ಇದ್ದರೆ ಓದುವವರಿಗೆ ಇಬ್ಬರ ಮೇಲೂ ಕನಿಕರ ಬರುತ್ತದೆ. ಅಂದಹಾಗೆ, ಇಬ್ಬರ ಮಾತಲ್ಲೂ ಸ್ವಲ್ಪ ನ್ಯಾಯ ಇರಲಿ.

ರಾಜಿ ಅಗ್ಗವಾಗದಿರಲಿ

ಇಲ್ಲಿ ದಸರಾ ಹಬ್ಬ ತರುವ ಆಸೆ ಬರುತ್ತದೆ. ಬನ್ನಿ ಕೊಟ್ಟು, ‘ಬಂಗಾರದಂಗ ಇರೂಣು’ ಅನ್ನಿಸಿದರೆ ಮುಗೀತಲ್ವಾ? ಪದ್ಧತಿ ಚೆಂದ. ಆದರೆ ಅವತ್ತು ಆಗದವರಿಗೂ ಬನ್ನಿ ಕೊಡುತ್ತೇವೆ. ಹಾಗಾಗಿ ಅದರಿಂದ ಈ ಇಬ್ಬರ ಬಗ್ಗೆ ಏನೂ ಗೊತ್ತಾಗುವುದಿಲ್ಲ.

ಗಂಗವ್ವನಂಥವಳ ಬಾಯಲ್ಲಿ ‘ತಪ್ಪಾತು’ ಬರುವುದು ಕಷ್ಟ. ಕೊಟ್ಟ ರೊಕ್ಕ ಎಣಿಸದೆ ಸೆರಗಿಗೆ ಕಟ್ಟಿಕೊಳ್ಳುತ್ತಾಳೆ. ಎರಡು ದಿನ ಬಿಟ್ಟು, ‘ಬಳಿ ಚಲೋ ಅದಾವ. ಎಷ್ಟ ಕೊಟ್ಟಿ?’ ಅನ್ನುತ್ತಾಳೆ. ಅವಳ ಮಟ್ಟಿಗೆ ಅದೇ ಕ್ಷಮೆ. ಶಬಾನಾ ತಕ್ಷಣ ಕರಗಬಾರದು. ಅವತ್ತು ಸುಮ್ನೆ ಇರಲಿ. ಮಾರನೇ ದಿನ, ‘ಅರವತ್ತ. ನಿನಗೂ ತರ್ಲೇನ ಬೇ?’

ಒಬ್ಬಳು ಇಲ್ಲದಾಗ ನೋಡಿ

ಶಬಾನಾ ರಜೆ. ಪಕ್ಕದವಳು ಅವಳ ಬಗ್ಗೆ ಒಂದು ಮಾತು ಹಗುರವಾಗಿ ಆಡುತ್ತಾಳೆ. ಆಗ ಗಂಗವ್ವ ಏನು ಮಾಡುತ್ತಾಳೆ? ಭಾಷಣ ಮಾಡಿದರೆ ಅದು ನಿಮ್ಮ ಮಾತು, ಅವಳದಲ್ಲ. ‘ನಿನ್ನ ರಾಶಿ ನೋಡ್ಕೊ’ ಅಂದು, ಮರುದಿನ ಶಬಾನಾಗೆ ‘ಹೇಳದ ಕೇಳದ ಎಲ್ಲಿ ಹೋಗಿದ್ದಿ?’ ಎಂದು ಬೈದರೆ ಆ ಪಾತ್ರಕ್ಕೆ ಒಪ್ಪುತ್ತದೆ.

ಇವಿಷ್ಟನ್ನೂ ಒಂದೇ ಕಥೆಗೆ ತುರುಕಲು ಹೋಗಬೇಡಿ. ಏಳೆಂಟು ಪುಟದ ಕಥೆಗೆ ಒಂದು ಋಣ, ಒಂದು ಜಗಳ ಧಾರಾಳ. ಅದರಲ್ಲೂ ಜಾಗ ಸಾಲದಿದ್ದರೆ ರಾಜಿ ಕೈಬಿಡಿ, ಜಗಳ ಉಳಿಸಿಕೊಳ್ಳಿ.