ತಾಲ್ಮುದ್‌ನ ಒಂದು ಪುಟ ಓದುವುದು ಹೇಗೆ?

ಯಹೂದಿಗಳ ಧರ್ಮಶಾಸ್ತ್ರ ಎರಡು ಬಗೆಯದು. ಮೋಶೆಯ ಐದು ಪುಸ್ತಕಗಳಾದ ತೋರಾ ಬರಹದಲ್ಲಿದ್ದದ್ದು. ಅದರಂತೆ ದಿನನಿತ್ಯ ನಡೆಯುವುದು ಹೇಗೆಂದು ಗುರುಗಳು ಶಿಷ್ಯರಿಗೆ ಹೇಳಿಕೊಟ್ಟದ್ದು ಬಾಯಿಮಾತಿನದು. ಈ ಎರಡನೆಯದನ್ನು ಬರಹದಿಂದ ಪಾಠ ಹೇಳಕೂಡದು ಎಂಬ ಕಟ್ಟುಪಾಡು ಇತ್ತು. ಇಂದು ಅದೇ ಶಾಸ್ತ್ರ 2,711 ಹಾಳೆಗಳ ತಾಲ್ಮುದ್ ಆಗಿ ಅಚ್ಚಿನಲ್ಲಿದೆ. ಬಾಯಿಂದ ಹಾಳೆಗೆ ಅದು ಬಂದ ದಾರಿ ತಿಳಿಯಬೇಕಾದರೆ ಒಂದೇ ಒಂದು ಪುಟವನ್ನು ಎದುರಿಗಿಟ್ಟುಕೊಂಡು ನಡುವಿನಿಂದ ಅಂಚಿನ ಕಡೆಗೆ ಓದಿದರೆ ಸಾಕು. ಹೀಬ್ರೂ ಬಾರದವರೂ ಓದಬಹುದು.

1. ಪುಟವನ್ನು ಹುಡುಕಿಕೊಳ್ಳಿ

‘ಬೆರಖೋತ್’ ಎಂಬ ಮೊದಲ ಗ್ರಂಥದ 2ನೇ ಹಾಳೆಯ ಮುಂಬದಿ ನಮಗೆ ಬೇಕಾದದ್ದು. 1ನೇ ಹಾಳೆ ಎಲ್ಲಿ ಹೋಯಿತೆಂದು ಹುಡುಕಬೇಡಿ, ತಾಲ್ಮುದ್‌ನಲ್ಲಿ ಪಾಠ ಶುರುವಾಗುವುದೇ 2ರಿಂದ. ಇಂಗ್ಲಿಷ್ ಅನುವಾದ ಸೆಫಾರಿಯಾ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಜೊತೆಗೆ 1880ರ ದಶಕದಲ್ಲಿ ಅಚ್ಚಾದ ವಿಲ್ನಾ ಆವೃತ್ತಿಯ ಪುಟದ ಚಿತ್ರವನ್ನೂ ತೆರೆದಿಟ್ಟುಕೊಳ್ಳಿ. ದಿನಕ್ಕೊಂದು ಹಾಳೆಯಂತೆ ಇಡೀ ತಾಲ್ಮುದ್ ಓದಿ ಮುಗಿಸುವ ‘ದಾಫ್ ಯೋಮಿ’ ಪದ್ಧತಿ 1923ರಲ್ಲಿ ಶುರುವಾಯಿತು. ಒಂದು ಸುತ್ತಿಗೆ ಸುಮಾರು ಏಳೂವರೆ ವರ್ಷ ಬೇಕು. ಪ್ರತಿ ಸುತ್ತೂ ಆರಂಭವಾಗುವುದು ಇದೇ ಪುಟದಿಂದ.

ನಡುವಿನಲ್ಲಿ ದಪ್ಪ ಅಕ್ಷರಗಳ ಒಂದು ಕಂಬ, ಎರಡೂ ಪಕ್ಕದಲ್ಲಿ ಸಣ್ಣ ಅಕ್ಷರಗಳ ಕಂಬಗಳು, ಅಂಚಿನಲ್ಲಿ ಇನ್ನೂ ಸಣ್ಣ ಟಿಪ್ಪಣಿಗಳು ಕಾಣುತ್ತವೆ. ನಡುವಿನ ಪಠ್ಯದಲ್ಲಿ ಸ್ವರಚಿಹ್ನೆಗಳಿಲ್ಲ, ವಾಕ್ಯ ಎಲ್ಲಿ ಮುಗಿಯಿತೆಂದು ತೋರಿಸುವ ಗುರುತುಗಳೂ ಇಲ್ಲವೆಂದೇ ಹೇಳಬೇಕು. ಗುರುವಿನ ನೆರವಿಲ್ಲದೆ ಓದುವುದು ಕಷ್ಟ.

2. ನಡುವಿನಿಂದ ಶುರುಮಾಡಿ: ಮಿಷ್ನಾ

ಚೌಕಟ್ಟಿನೊಳಗೆ ದೊಡ್ಡದಾಗಿ ಅಚ್ಚಾಗಿರುವ ಮೊದಲ ಪದ ಒಂದು ಪ್ರಶ್ನೆ: ‘ಯಾವಾಗಿನಿಂದ?’ ಸಂಜೆಯ ‘ಶೆಮಾ’ ಪ್ರಾರ್ಥನೆಯನ್ನು ಯಾವಾಗಿನಿಂದ ಹೇಳಬಹುದು? ಯಾಜಕರು ತಮಗೆ ಮೀಸಲಾದ ಧಾನ್ಯದ ಪಾಲನ್ನು ಉಣ್ಣಲು ಒಳಹೋಗುವ ಹೊತ್ತಿನಿಂದ. ಎಲ್ಲಿಯವರೆಗೆ? ರಾತ್ರಿಯ ಮೊದಲ ಜಾವ ಮುಗಿಯುವವರೆಗೆ ಎನ್ನುತ್ತಾನೆ ರಬ್ಬಿ ಎಲೀಯೆಜರ್. ಪಂಡಿತರು ನಡುರಾತ್ರಿಯವರೆಗೆ ಎನ್ನುತ್ತಾರೆ. ರಬ್ಬಾನ್ ಗಮ್ಲಿಯೇಲ್ ಮಾತ್ರ ಬೆಳಗಿನ ನಸುಕು ಹರಿಯುವವರೆಗೂ ಆಗುತ್ತದೆ ಎನ್ನುತ್ತಾನೆ. ಹಿಂದೆಯೇ ಒಂದು ಪುಟ್ಟ ಘಟನೆ ಬರುತ್ತದೆ. ಗಮ್ಲಿಯೇಲನ ಮಕ್ಕಳು ಔತಣ ಮುಗಿಸಿ ತಡವಾಗಿ ಮನೆಗೆ ಬಂದು, ‘ನಾವಿನ್ನೂ ಶೆಮಾ ಹೇಳಿಲ್ಲ’ ಎಂದರು. ‘ನಸುಕು ಹರಿದಿಲ್ಲವಾದರೆ ಹೇಳಲೇಬೇಕು’ ಎಂದ ತಂದೆ.

ಕಾನೂನಿನ ಪುಸ್ತಕ ಹೀಗೂ ಶುರುವಾಗಬಹುದೇ ಎಂದು ನನಗೆ ಇಂದಿಗೂ ಬೆರಗು. ಪೀಠಿಕೆಯಿಲ್ಲ, ದೇವರ ಸ್ತುತಿಯಿಲ್ಲ. ಒಂದು ಪ್ರಶ್ನೆ, ಮೂರು ಉತ್ತರ, ತಡವಾಗಿ ಬಂದ ಮಕ್ಕಳು.

ಇಲ್ಲಿ ಸ್ವಲ್ಪ ನಿಂತು ಇತಿಹಾಸ ನೋಡೋಣ. ಕ್ರಿ.ಶ. 70ರಲ್ಲಿ ರೋಮನ್ನರು ಜೆರುಸಲೇಮಿನ ದೇವಾಲಯವನ್ನು ಕೆಡವಿದರು. ಯೋಹಾನಾನ್ ಬೆನ್ ಜಕ್ಕೈ ಮತ್ತು ಸಂಗಡಿಗರು ಯಾವ್ನೆ ಊರಿನಲ್ಲಿ ಪಾಠವನ್ನು ಮುಂದುವರಿಸಿದರು. 132ರಿಂದ 135ರವರೆಗೆ ನಡೆದ ಬಾರ್ ಕೋಖ್ಬಾ ದಂಗೆ ಸೋತಾಗ ಯೂದಾಯ ಪ್ರಾಂತ ಹಾಳಾಯಿತು, ಉಳಿದ ಪಂಡಿತರು ಉತ್ತರದ ಗಲಿಲಾಯಕ್ಕೆ ಹೋದರು. ಪಾಠ ತಲೆಯಲ್ಲಿದ್ದವರು ಸತ್ತರೆ ಪಾಠವೂ ಸಾಯುತ್ತಿತ್ತು. ಸುಮಾರು 200ರ ಹೊತ್ತಿಗೆ ರಬ್ಬಿ ಯೆಹೂದಾ ಹನಾಸಿ ಚದುರಿದ್ದ ಪಾಠಗಳನ್ನು ಆರಿಸಿ, ಬೇಸಾಯ, ಹಬ್ಬ, ಮದುವೆ, ನಷ್ಟಪರಿಹಾರ, ಬಲಿ, ಮಡಿ ಎಂದು ಆರು ವಿಭಾಗಗಳಲ್ಲಿ ಜೋಡಿಸಿದ. ಅದೇ ಮಿಷ್ನಾ.

ಅವನು ಅದನ್ನು ಹಾಳೆಯ ಮೇಲೆ ಬರೆದನೇ? ಬರೆದ ಎನ್ನುತ್ತಾನೆ 12ನೇ ಶತಮಾನದ ಯಹೂದಿ ಪಂಡಿತ ಮೈಮೊನಿಡೀಸ್. ಇಲ್ಲ, ಬಾಯಿಪಾಠವಾಗಿಯೇ ಹೊರಟಿತು ಎನ್ನುತ್ತಾನೆ ತಾಲ್ಮುದ್‌ನ ವ್ಯಾಖ್ಯಾನಕಾರ ರಾಶಿ. 10ನೇ ಶತಮಾನದ ಕೊನೆಯಲ್ಲಿ ಪಾಠಶಾಲೆಯ ಮುಖ್ಯಸ್ಥ ಶೆರೀರಾ ಗಾವೋನ್ ಬಾಬಿಲೋನಿಯಾದಿಂದ (ಇಂದಿನ ಇರಾಕ್) ಬರೆದ ಪ್ರಸಿದ್ಧ ಪತ್ರಕ್ಕೆ ಎರಡು ಪಾಠಾಂತರಗಳಿದ್ದು, ಇದೇ ಪ್ರಶ್ನೆಗೆ ಅವು ಬೇರೆಬೇರೆ ಉತ್ತರ ಕೊಡುತ್ತವೆ. ಬಾಯಿಪಾಠದ ಕಡೆಗೇ ನನ್ನ ಒಲವು. ಏಕೆಂದರೆ ಮಿಷ್ನಾ ಸಿದ್ಧವಾದ ಮೇಲೂ ಅದನ್ನು ಕಂಠಸ್ಥ ಮಾಡಿಕೊಂಡವರು ಪಾಠಶಾಲೆಗಳಲ್ಲಿ ನಿಂತು ಒಪ್ಪಿಸುತ್ತಿದ್ದರು. ವೇದಪಾಠವನ್ನು ಕೇಳಿ ಬಲ್ಲವರಿಗೆ ಇದು ಹೊಸದಲ್ಲ. ಆದರೆ ವೇದದಲ್ಲಿ ಕಾಪಾಡಬೇಕಾದದ್ದು ಅಕ್ಷರ ಮತ್ತು ಸ್ವರ. ಇಲ್ಲಿ ಯಾರು ಯಾರೊಡನೆ ಏಕೆ ಒಪ್ಪಲಿಲ್ಲ ಎಂಬುದನ್ನೂ ಕಾಪಾಡಬೇಕಿತ್ತು. ಸೋತ ಅಭಿಪ್ರಾಯವನ್ನು ಏಕೆ ಉಳಿಸಬೇಕು ಎಂದು ಮಿಷ್ನಾವೇ ಒಂದೆಡೆ ಕೇಳಿಕೊಂಡು, ಮುಂದೆ ಬರುವ ನ್ಯಾಯಮಂಡಲಿಯೊಂದಕ್ಕೆ ಅದೇ ಸರಿಯೆನಿಸಬಹುದು ಎಂದು ಉತ್ತರ ಹೇಳುತ್ತದೆ.

3. ಅದರ ಕೆಳಗಿನ ವಾದ: ಗೆಮಾರಾ

ಮಿಷ್ನಾ ಮುಗಿದೊಡನೆ ದೊಡ್ಡಕ್ಷರದ ಗುರುತೊಂದು ಬರುತ್ತದೆ. ಹೀಬ್ರೂ ಹಿಂದೆ ಸರಿದು ಅರಾಮಿಕ್ ಮುಂದೆ ಬರುತ್ತದೆ, ಗಲಿಲಾಯದಿಂದ ಇಂದಿನ ಇರಾಕಿಗೆ ಬಂದಿರುತ್ತೇವೆ. ಅಲ್ಲಿನ ಸೂರಾ, ಪುಂಬೆದಿತಾ ಮುಂತಾದ ಪಾಠಶಾಲೆಗಳಲ್ಲಿ ಮಿಷ್ನಾದ ಮೇಲೆ ತಲೆತಲಾಂತರ ನಡೆದ ಚರ್ಚೆಯೇ ಗೆಮಾರಾ. ಮಿಷ್ನಾ ಮತ್ತು ಈ ಗೆಮಾರಾ ಸೇರಿದ್ದೇ ನಾವು ಓದುತ್ತಿರುವ ತಾಲ್ಮುದ್. ಗಲಿಲಾಯದ ಚರ್ಚೆಗಳು ಜೆರುಸಲೇಮ್ ತಾಲ್ಮುದ್ ಎಂಬ ಬೇರೆ ಗ್ರಂಥವಾದವು.

ಇಲ್ಲಿ ನಿಧಾನವಾಗಿ ಓದಿ. ಯಾಜಕರು ಉಣ್ಣುವುದು ಯಾವಾಗ ಎಂದು ಗೆಮಾರಾ ಕೇಳುತ್ತದೆ. ಮೈಲಿಗೆ ಕಳೆಯಲು ಮುಳುಗು ಹಾಕಿದ ಯಾಜಕ ನಕ್ಷತ್ರ ಮೂಡಿದ ಮೇಲೆ ಉಣ್ಣಬಹುದು. ಹಾಗಾದರೆ ‘ನಕ್ಷತ್ರ ಮೂಡಿದಾಗ’ ಎಂದೇ ಹೇಳಬಹುದಿತ್ತಲ್ಲ, ಈ ಸುತ್ತುಮಾತು ಏಕೆ? ಒಂದನ್ನು ಕಲಿಸುತ್ತಲೇ ದಾರಿಯಲ್ಲಿ ಇನ್ನೊಂದನ್ನೂ ಕಲಿಸುವುದಕ್ಕೆ. ದೇವಾಲಯ ಬಿದ್ದು ನೂರಾರು ವರ್ಷ ಕಳೆದಿದ್ದರೂ ಪಾಠ ಹೇಳುವವರು ಯಾಜಕರ ಊಟದ ಹೊತ್ತನ್ನು ಮರೆಯಲು ಬಿಟ್ಟಿಲ್ಲ.

ಬರೆಯಬಾರದೆಂಬ ಕಟ್ಟುಪಾಡನ್ನೂ, ಅದನ್ನು ಮುರಿದದ್ದಕ್ಕೆ ಕಾರಣವನ್ನೂ ತಾಲ್ಮುದ್ ಮುಚ್ಚಿಡುವುದಿಲ್ಲ. ಕಟ್ಟಳೆಗಳನ್ನು ಬರೆದಿಡುವವರು ತೋರಾವನ್ನು ಸುಟ್ಟವರಂತೆ ಎಂಬ ಕಟುಮಾತು ಅದರಲ್ಲೇ ಇದೆ. ಇಸ್ರಾಯೇಲ್ಯರು ತೋರಾವನ್ನು ಮರೆತುಬಿಡುವುದಕ್ಕಿಂತ ಅದರ ಒಂದು ವಿಧಿ ಮುರಿಯುವುದೇ ಲೇಸು ಎಂಬ ಸಮಾಧಾನವೂ ಅಲ್ಲೇ ಇದೆ.

4. ಎರಡು ಪಕ್ಕದ ಕಂಬಗಳು

ನಮ್ಮ ಪುಟದಲ್ಲಿ ಬಲಗಡೆ, ಅಂದರೆ ಪುಸ್ತಕದ ಹೊಲಿಗೆಯ ಕಡೆ, ರಾಶಿಯ ವ್ಯಾಖ್ಯಾನ. ಫ್ರಾನ್ಸಿನ ತ್ರ್ವಾ ಪಟ್ಟಣದ ಈ ಪಂಡಿತ (1040–1105) ಕಠಿಣ ಪದವನ್ನು ಎತ್ತಿಕೊಂಡು ಚಿಕ್ಕದಾಗಿ ಬಿಡಿಸಿ ಹೇಳುತ್ತಾನೆ. ತೊಡಕು ಬಂದಾಗಲೆಲ್ಲ ಅವನ ಕಡೆ ನೋಡಿ. ಎಡಗಡೆಯದು ತೋಸಫೋತ್: ರಾಶಿಯ ಮೊಮ್ಮಕ್ಕಳಿಂದ ಶುರುವಾಗಿ 12–13ನೇ ಶತಮಾನಗಳಲ್ಲಿ ಬೆಳೆದ ಆಕ್ಷೇಪಗಳು. ಹೊಸಬರು ಇವನ್ನು ಎರಡನೇ ಓದಿಗೆ ಇಟ್ಟುಕೊಳ್ಳುವುದು ಒಳ್ಳೆಯದು.

5. ಅಂಚು

ಅಂಚಿನ ಟಿಪ್ಪಣಿಗಳು ಇದೇ ವಿಷಯ ಬೇರೆಲ್ಲಿ ಬಂದಿದೆ, ಕೊನೆಗೆ ಯಾವ ತೀರ್ಮಾನ ನಿಂತಿತು ಎಂದು ತೋರಿಸುತ್ತವೆ. ಪುಟದ ಈ ವಿನ್ಯಾಸ ನೆಲೆಯಾದದ್ದು ವೆನಿಸ್ಸಿನಲ್ಲಿ. ಆಂಟ್ವರ್ಪಿನ ಕ್ರೈಸ್ತ ಮುದ್ರಕ ಡೇನಿಯಲ್ ಬೊಂಬರ್ಗ್ 1520ರಿಂದ 1523ರ ನಡುವೆ ಇಡೀ ತಾಲ್ಮುದನ್ನು ಮೊದಲ ಬಾರಿಗೆ ಅಚ್ಚು ಹಾಕಿದ. ಅದಕ್ಕೂ ಹಿಂದೆ, 1242ರಲ್ಲಿ, ಪ್ಯಾರಿಸ್ಸಿನಲ್ಲಿ ಬಂಡಿಗಟ್ಟಲೆ ತಾಲ್ಮುದ್ ಹಸ್ತಪ್ರತಿಗಳನ್ನು ಬಹಿರಂಗವಾಗಿ ಸುಟ್ಟಿದ್ದರು. ಹೆಚ್ಚುಕಡಿಮೆ ಪೂರ್ತಿಯಾಗಿ ಉಳಿದ ಹಳೆಯ ಹಸ್ತಪ್ರತಿ ಒಂದೇ, 1342ರದು. ಅದು ಈಗ ಮ್ಯೂನಿಕ್ಕಿನಲ್ಲಿದೆ.

6. ಜೊತೆಗೊಬ್ಬರು ಇರಲಿ

ಇದನ್ನು ಮೌನವಾಗಿ ಓದಬೇಡಿ. ಯೆಶಿವಾ ಪಾಠಶಾಲೆಗಳಲ್ಲಿ ಇಬ್ಬಿಬ್ಬರು ಎದುರುಬದುರು ಕೂತು ಗಟ್ಟಿಯಾಗಿ ಓದುತ್ತಾರೆ. ಒಬ್ಬರು ಸಾಲು ಓದಿ ಅರ್ಥ ಹೇಳಿದರೆ ಇನ್ನೊಬ್ಬರು ಹೇಗೆ, ಏಕೆ ಎಂದು ತಡೆಯುತ್ತಾರೆ. ನೀವೂ ಗೆಮಾರಾದ ಪ್ರತಿ ಪ್ರಶ್ನೆಯ ಮುಂದೆ ಅನುವಾದವನ್ನು ಮುಚ್ಚಿಟ್ಟು, ನಿಮ್ಮ ಉತ್ತರವನ್ನು ಬಾಯಿಬಿಟ್ಟು ಹೇಳಿ, ಆಮೇಲೆ ಮುಂದಿನ ಸಾಲು ನೋಡಿ. ಮುಂದಿನ ಪುಟಗಳಲ್ಲಿ ಕೆಲವು ವಾದಗಳು ‘ತೇಕು’ ಎಂದು ಮುಗಿಯುತ್ತವೆ. ಅಲ್ಲಿ ಪಂಡಿತರು ತೀರ್ಮಾನಕ್ಕೆ ಬಾರದೆ ಪ್ರಶ್ನೆಯನ್ನು ಹಾಗೇ ಬಿಟ್ಟಿದ್ದಾರೆ. ನಿಮಗೆ ಅರ್ಥವಾಗಲಿಲ್ಲವೆಂದು ಅಂದುಕೊಳ್ಳದೆ ಮುಂದಿನ ಸಾಲಿಗೆ ಹೋಗಿ.